ಬಾದಾಮಿಯ ಬೆಟ್ಟದಡಿ ಒಂದು ಜೋಕರ್ ಚಿಟ್ಟೆಯ ವಿಚಾರಣೆ

ಸೆಪ್ಟೆಂಬರ್ ಕೊನೆಯ ಶನಿವಾರ ವಿಜಯಪುರದಿಂದ ಬೆಳಗಿನ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಕ್ಯಾಮೆರಾ, ಟಿಪ್ಪಣಿ ಪುಸ್ತಕ ಮತ್ತು ಅಮ್ಮ ಕಟ್ಟಿಕೊಟ್ಟ ರೊಟ್ಟಿ ಇದ್ದವು. ಪ್ರಯಾಣಕ್ಕೆ ಕಾರಣವಾದ ಚಿತ್ರ ಮೊಬೈಲಿನಲ್ಲಿತ್ತು. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಮಾಸ್ತರಿಕೆ ಮಾಡುವ ನನ್ನ ಹಳೆಯ ಗೆಳೆಯರು ಹತ್ತು ದಿನಗಳ ಹಿಂದೆ ಅದನ್ನು ಕಳಿಸಿ, ‘ಇದು ಜೋಕರ್ ಹೌದಲ್ಲರೀ?’ ಎಂದು ಕೇಳಿದ್ದರು. ಹುಲ್ಲಿನ ಮೇಲೆ ರೆಕ್ಕೆ ಹರಡಿ ಕುಳಿತ ಕಿತ್ತಳೆ ಬಣ್ಣದ ಚಿಟ್ಟೆ, ಅದರ ಮೇಲೆ ಕಪ್ಪು ಗೆರೆಗಳು, ಮೂಲೆಯಲ್ಲಿ ಸುಣ್ಣ ಬಳಿದ ಕಲ್ಲಿನ ತುಣುಕು: ಇಷ್ಟೇ ಅದರಲ್ಲಿ ಕಾಣುತ್ತಿತ್ತು. ಕೈ ಅಲುಗಿದ್ದರಿಂದ ಗೆರೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು.

ಜೋಕರ್ ಆಫ್ರಿಕಾದಲ್ಲಿಯೂ ನಮ್ಮ ದೇಶದ ಒಣ ನಾಡುಗಳಲ್ಲಿಯೂ ಇರುವ ಚಿಟ್ಟೆ. ಕುರುಚಲು ಗುಡ್ಡಗಳ ಹುಲ್ಲಿನ ಮೇಲೆ ನೆಲಕ್ಕೆ ಹತ್ತಿರವಾಗಿ ಹಾರುವ ಅದು ಎಲ್ಲೆಡೆ ಸಿಗುವುದಿಲ್ಲ; ಸಿಕ್ಕ ಜಾಗದಲ್ಲಿಯೂ ಕೆಲವೇ ಮಾರುಗಳ ಆಚೆ ಕಾಣದಿರಬಹುದು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಿಗಾಗಿ ನಾನು ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ. ಹೊಸ ಹೆಸರು ಸೇರಿಸುವ ಆಸೆ ಯಾರಿಗಿಲ್ಲ? ಆ ಆಸೆಯೇ ಈ ಕೆಲಸದಲ್ಲಿ ಮನುಷ್ಯನನ್ನು ಮೊದಲು ಮೋಸಗೊಳಿಸುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತಿದ್ದ ಮಾತು. ಕೆಲವು ವರ್ಷಗಳ ಹಿಂದೆ ವಿಜಯಪುರದ ತೋಟವೊಂದರಲ್ಲಿ ರಾಜ್ಯ ಚಿಟ್ಟೆ ಬಂದಿದೆ ಎಂಬ ಸುದ್ದಿ ನಂಬಿ ಬಿಸಿಲಲ್ಲಿ ಓಡಿಹೋಗಿದ್ದೆ. ರಾಜ್ಯ ಚಿಟ್ಟೆಯಾದ ಸಹ್ಯಾದ್ರಿ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ತಿಂದು ಬೆಳೆಯುವಂಥದ್ದು. ಅದರ ಮನೆ ಪಶ್ಚಿಮ ಘಟ್ಟದ ಸೀಮೆ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ 190 ಮಿಲಿಮೀಟರ್ ರೆಕ್ಕೆಯಗಲದಿಂದಾಗಿ ಅದು 2020ರವರೆಗೂ ಭಾರತದ ಅತಿ ದೊಡ್ಡ ಚಿಟ್ಟೆ ಎನಿಸಿಕೊಂಡಿತ್ತು. ಆ ವರ್ಷ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಒಂದು 194 ಮಿಲಿಮೀಟರ್ ಅಗಲ ತೋರಿಸಿ ಅದನ್ನು ಹಿಂದಿಕ್ಕಿತು. ತೋಟದಲ್ಲಿ ನನ್ನನ್ನು ಎದುರುಗೊಂಡದ್ದು ಅಂಗೈಗಿಂತ ಚಿಕ್ಕದಾದ ಕಾಮನ್ ಜೆಜೆಬೆಲ್. ರೆಕ್ಕೆಯ ಕೆಳಮೈಯಲ್ಲಿ ಹಳದಿ ಮತ್ತು ಕೆಂಪು ಎರಡೂ ಇರುವುದರಿಂದ, ಕನ್ನಡ ಬಾವುಟದ ಬಣ್ಣದ ಚಿಟ್ಟೆ ಎಂದು ಕೇಳಿದ್ದ ತೋಟದವರು ಅದನ್ನೇ ರಾಜ್ಯ ಚಿಟ್ಟೆ ಎಂದುಕೊಂಡಿದ್ದರು. ತಪ್ಪು ಅವರದಲ್ಲ, ಫೋನಿನಲ್ಲಿ ‘ಹಳದಿ ಇದೆಯೇ?’ ಎಂದು ಹೆಸರಿಗೆ ಹೊಂದುವ ಪ್ರಶ್ನೆ ಕೇಳಿ ಹೌದೆನಿಸಿಕೊಂಡವನು ನಾನು.

ಆಲಮಟ್ಟಿ ದಾಟಿ ಕೃಷ್ಣೆಯ ಸೇತುವೆಯ ಮೇಲೆ ರೈಲು ನಿಧಾನವಾದಾಗ ಆ ಚಿತ್ರವನ್ನು ಮತ್ತೊಮ್ಮೆ ಹಿಗ್ಗಿಸಿ ನೋಡಿದೆ. ಕಿತ್ತಳೆ ಮೈ, ಕಪ್ಪು ಗುರುತು ಎಂದರೆ ನಮ್ಮ ಸೀಮೆಯಲ್ಲಿ ಕನಿಷ್ಠ ನಾಲ್ಕು ಜನ ಸರದಿಯಲ್ಲಿ ನಿಲ್ಲುತ್ತಾರೆ. ಕಾಮನ್ ಲೆಪರ್ಡ್‌ಗೆ ಗೆರೆಗಳಿಗಿಂತ ಚುಕ್ಕೆಗಳೇ ಹೆಚ್ಚು. ಟಾನಿ ಕೋಸ್ಟರ್‌ನ ಹಿಂದಿನ ರೆಕ್ಕೆಗೆ ಕಪ್ಪು ಅಂಚು, ಆ ಅಂಚಿನೊಳಗೆ ಬಿಳಿ ಚುಕ್ಕೆಗಳು, ಹಾರಾಟವೂ ಅವಸರವಿಲ್ಲದ್ದು. ಇವೆರಡನ್ನು ಮಸುಕು ಚಿತ್ರದಲ್ಲಿಯೂ ಬದಿಗಿಡಬಹುದಿತ್ತು. ಉಳಿದದ್ದು ಕಾಮನ್ ಕ್ಯಾಸ್ಟರ್ ಮತ್ತು ಜೋಕರ್. ಇವೆರಡೂ ಒಂದೇ ಉಪಕುಟುಂಬಕ್ಕೆ ಸೇರಿದ ದಾಯಾದಿಗಳು. ಕ್ಯಾಸ್ಟರ್ ಎಂಬ ಹೆಸರು ಬಂದದ್ದು ಔಡಲ ಗಿಡದಿಂದ. ಆ ಗಿಡದ ಎಲೆ ತಿಂದೇ ಅದರ ಮರಿಗಳು ಬೆಳೆಯುತ್ತವೆ. ಅದರ ಮೈ ಕಂದುಗಿತ್ತಳೆ, ಮೇಲೆ ತೆಳ್ಳಗೆ ಅಲೆಯಲೆಯಾದ ಕಪ್ಪು ಗೆರೆ, ಮುಂದಿನ ರೆಕ್ಕೆಯ ತುದಿಯ ಬಳಿ ಒಂದು ಪುಟ್ಟ ಬಿಳಿ ಬೊಟ್ಟು. ಜೋಕರ್‌ನ ಕಿತ್ತಳೆ ಇನ್ನೂ ಉಜ್ವಲ, ಕಪ್ಪು ಗುರುತುಗಳು ದಪ್ಪ. ಚಿತ್ರದಲ್ಲಿ ಬಿಳಿ ಬೊಟ್ಟು ಇರಬೇಕಾದ ಜಾಗದ ಮೇಲೆ ಸರಿಯಾಗಿ ಒಂದು ಹುಲ್ಲಿನ ಎಸಳು ಬಾಗಿತ್ತು.

ಬಾಗಲಕೋಟೆ, ಗುಳೇದಗುಡ್ಡ ರೋಡ್ ದಾಟಿ ಬಾದಾಮಿಯಲ್ಲಿ ಇಳಿದೆ. ನಿಲ್ದಾಣದಿಂದ ಊರು ದೂರ. ಟಂಟಂ ತುಂಬುವವರೆಗೆ ಕಾಯಬೇಕಾಯಿತು. ನಾನು ಹಳ್ಳಿ ಮುಟ್ಟುವಷ್ಟರಲ್ಲಿ ಶನಿವಾರದ ಅರ್ಧ ದಿನದ ಶಾಲೆ ಬಿಟ್ಟಿತ್ತು, ಆದರೆ ಮಾಸ್ತರರು ಚಿತ್ರ ತೆಗೆದ ಒಂಬತ್ತನೆಯ ತರಗತಿಯ ಹುಡುಗಿಯನ್ನೂ ಅವಳ ಅಣ್ಣನನ್ನೂ ನಿಲ್ಲಿಸಿಕೊಂಡಿದ್ದರು. ಫೋನ್ ಅಣ್ಣನದು. ಹುಡುಗಿಗೆ ನನ್ನನ್ನು ನೋಡಿ ಪರೀಕ್ಷೆಯ ಭಯ ಆಗಿರಬೇಕು. ಓಢಣಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಕಂಬಕ್ಕೆ ಒರಗಿ ನಿಂತಿದ್ದಳು.

ಮೊದಲು ಮೂಲ ಚಿತ್ರವನ್ನು ನೋಡಲು ಕೇಳಿದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಸಣ್ಣದಾಗುವುದಲ್ಲದೆ, ತೆಗೆದ ಸಮಯ ಮತ್ತು ಸ್ಥಳದ ವಿವರಗಳನ್ನು ಕಳೆದುಕೊಂಡೇ ಬರುತ್ತದೆ; ಆದ್ದರಿಂದ ನಮಗೆ ತಲುಪುವ ವಿಚಿತ್ರ ಚಿಟ್ಟೆಗಳಲ್ಲಿ ಬಹುಪಾಲು ಎಲ್ಲಿಯವು, ಯಾವಾಗಿನವು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಅಣ್ಣನ ಫೋನಿನಲ್ಲಿದ್ದ ಮೂಲದಲ್ಲಿ ಸೆಪ್ಟೆಂಬರ್ 14, ಬೆಳಿಗ್ಗೆ 8:10 ಎಂದಿತ್ತು. ಫೋನಿನ ಗಡಿಯಾರ ಸರಿ ಇದೆಯೇ ಎಂದು ನನ್ನ ಕೈಗಡಿಯಾರಕ್ಕೆ ಹೋಲಿಸಿದೆ, ಸರಿ ಇತ್ತು. ಅನಂತರ ಚಿತ್ರದ ಮೂಲೆಯ ಸುಣ್ಣದ ಕಲ್ಲನ್ನು ಹುಡುಕಿ ಹೊರಟೆವು. ಕೆಂಪು ಮರಳುಗಲ್ಲಿನ ಕಂಪೌಂಡಿನ ಹಿಂಬದಿಯಲ್ಲಿ, ಒಂದು ಮೂಲೆ ಮುರಿದು ಸುಣ್ಣ ಸಿಪ್ಪೆಯೆದ್ದ ಕಲ್ಲು ಸಿಕ್ಕಿತು. ಸಿಪ್ಪೆಯೆದ್ದ ಆಕಾರ ಚಿತ್ರದಲ್ಲಿದ್ದುದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು. ಸ್ಥಳ ಖಾತ್ರಿಯಾಯಿತು. ಎಂಟು ಗಂಟೆಯ ಎಳೆಬಿಸಿಲಿಗೆ ಆ ಜಾಗ ತೆರೆದುಕೊಂಡಿರುತ್ತದೆ ಎಂದು ಮಾಸ್ತರರು ಹೇಳಿದಾಗ, ಚಿಟ್ಟೆ ರೆಕ್ಕೆ ಅಗಲಿಸಿ ಕುಳಿತ ಭಂಗಿಯೂ ಅರ್ಥವಾಯಿತು. ಬೆಳಗಿನ ಹೊತ್ತು ಅವು ಹಾಗೆ ಮೈ ಕಾಯಿಸಿಕೊಳ್ಳುತ್ತವೆ. ಮೇಲ್ಮೈಯ ಚಿತ್ರ ಸಿಗುವುದು ಆಗಲೇ, ಹೆಸರು ಹೇಳಲು ಬೇಕಾದ ಕೆಳಮೈ ಅಡಗಿಕೊಳ್ಳುವುದೂ ಆಗಲೇ.

ಮರುದಿನ ಬೆಳಿಗ್ಗೆ ಏಳಕ್ಕೆ ನಾವು ಮೂವರು ಕಂಪೌಂಡಿನ ಹಿಂದಿನಿಂದ ಗುಡ್ಡದ ಕಡೆ ನಡೆದೆವು. ಅಣ್ಣ ಹೊಲದ ಕೆಲಸವಿದೆಯೆಂದು ತಪ್ಪಿಸಿಕೊಂಡ. ಮಳೆ ಮುಗಿಯುತ್ತ ಬಂದ ಬಾದಾಮಿ ಸೀಮೆಯನ್ನು ಬೇಸಿಗೆಯಲ್ಲಿ ಮಾತ್ರ ನೋಡಿದವರು ಗುರುತಿಸಲಾರರು. ಬಂಡೆಯ ಕೆಂಪು ಒದ್ದೆಯಾಗಿ ಗಾಢವಾಗಿತ್ತು, ಸಂದುಸಂದಿನಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಯೆಲ್ಲೋ, ಬ್ಲೂ, ಲೆಮನ್ ಎಂಬ ಮೂರು ಬಗೆಯ ಪ್ಯಾನ್ಸಿ ಚಿಟ್ಟೆಗಳು ಕಾಲುದಾರಿಯ ಕೆಮ್ಮಣ್ಣಿನ ಮೇಲೆ ತಮ್ಮ ತಮ್ಮ ಜಾಗ ಹಿಡಿದು ಕುಳಿತಿದ್ದವು. ಎಕ್ಕೆಯ ಗಿಡಗಳ ಸುತ್ತ ಪ್ಲೇನ್ ಟೈಗರ್‌ಗಳು ನಿಧಾನಕ್ಕೆ ತೇಲುತ್ತಿದ್ದವು. ಅವುಗಳಲ್ಲಿ ಒಂದು ಮಾತ್ರ ಎಕ್ಕೆಯನ್ನು ಬಿಟ್ಟು ಹೊಲದ ಬದುವಿನ ಗೋಳಿ ಪಲ್ಯದ ಮೇಲೆ ಮತ್ತೆ ಮತ್ತೆ ಇಳಿಯುತ್ತಿದ್ದುದನ್ನು ಮೊದಲು ಗಮನಿಸಿದವಳು ಆ ಹುಡುಗಿ. ‘ಸರ್, ಅದು ಬ್ಯಾರೇ ಐತ್ರೀ’ ಎಂದಳು. ಹಿಂದಿನ ರೆಕ್ಕೆಯ ನಡುವೆ ಪ್ಲೇನ್ ಟೈಗರ್‌ಗೆ ಮೂರೋ ನಾಲ್ಕೋ ಕಪ್ಪು ಚುಕ್ಕೆಗಳಿದ್ದರೆ ಇದಕ್ಕೆ ಮೇಲಂಚಿನಲ್ಲಿ ಒಂದೇ ಇತ್ತು. ಎದೆಯ ಮೇಲೆ ಬಿಳಿ ಚುಕ್ಕೆಗಳೂ ಇರಲಿಲ್ಲ. ಹಕ್ಕಿಗಳಿಗೆ ರುಚಿಸದ ಪ್ಲೇನ್ ಟೈಗರ್‌ನ ವೇಷ ತೊಟ್ಟು ಬದುಕುವ ಡಾನೈಡ್ ಎಗ್‌ಫ್ಲೈನ ಹೆಣ್ಣು ಅದು, ತನ್ನ ಮರಿಗಳಿಗೆ ಗೋಳಿಯೇ ಆಹಾರವಾದ್ದರಿಂದ ಮೊಟ್ಟೆಯಿಡಲು ಬಂದಿತ್ತು. ಇದೇನೂ ದೊಡ್ಡ ಸುದ್ದಿಯಲ್ಲ. ಆದರೆ ನಾನು ಹತ್ತು ಹೆಜ್ಜೆ ಹಿಂದೆಯೇ ಅದನ್ನು ಪ್ಲೇನ್ ಟೈಗರ್ ಎಂದು ಪುಸ್ತಕದಲ್ಲಿ ಎಣಿಸಿಬಿಟ್ಟಿದ್ದೆ. ಆರನ್ನು ಹೊಡೆದುಹಾಕಿ ಐದು ಎಂದು ತಿದ್ದಿದೆ.

ಇಳಿಜಾರಿನ ಮುಳ್ಳುಬೇಲಿಯೊಂದಕ್ಕೆ ತುರಚಿ ಬಳ್ಳಿ ಹಬ್ಬಿತ್ತು. ಜೋಕರ್‌ನ ಮರಿಹುಳು ತಿನ್ನುವುದು ತುರಚಿಯನ್ನು. ಅದನ್ನು ಕಂಡಾಗ ನನಗೆ ಗೆದ್ದಷ್ಟು ಸಂತೋಷವಾಯಿತು, ಎಲೆ ಹೊರಳಿಸಿ ನೋಡುವ ಉತ್ಸಾಹದಲ್ಲಿ ಅಂಗೈ ಹಿಂಬದಿಯನ್ನೆಲ್ಲ ಉರಿಸಿಕೊಂಡೆ. ಎಲೆಯಡಿಯಲ್ಲಿ ಮುಳ್ಳುಮುಳ್ಳಾದ ಎರಡು ಎಳೆಯ ಹುಳುಗಳಿದ್ದವು, ತಲೆಯ ಮೇಲೆ ಎರಡೆರಡು ಕೊಂಬು. ಸಂತೋಷ ಅಲ್ಲಿಗೇ ಇಳಿಯಿತು. ಕಾಮನ್ ಕ್ಯಾಸ್ಟರ್ ಔಡಲವನ್ನಷ್ಟೇ ಅಲ್ಲ, ತುರಚಿಯನ್ನೂ ತಿನ್ನುತ್ತದೆ. ಅದರ ಹುಳುವಿಗೂ ಮುಳ್ಳು ಇದೆ, ಕೊಂಬು ಇದೆ. ಅಷ್ಟು ಎಳೆಯ ಹುಳುವನ್ನು ನೋಡಿ ಯಾರ ಮಗು ಎಂದು ಹೇಳುವ ವಿದ್ಯೆ ನನ್ನಲ್ಲಿಲ್ಲ. ಬಳ್ಳಿಯ ಮೇಲೆ ಆಗಾಗ ಬಂದು ಕುಳಿತ ದೊಡ್ಡ ಚಿಟ್ಟೆಗಳಂತೂ, ಒಂದೂ ಬಿಡದೆ, ಬಿಳಿ ಬೊಟ್ಟಿನ ಕ್ಯಾಸ್ಟರ್‌ಗಳೇ ಆಗಿದ್ದವು. ಹನ್ನೊಂದೂವರೆಯವರೆಗೆ ಅಲ್ಲಿಯೇ ಕುಳಿತು ಎಣಿಸಿದೆವು: ಕ್ಯಾಸ್ಟರ್ ಒಂಬತ್ತು, ಜೋಕರ್ ಸೊನ್ನೆ.

ಮಾಸ್ತರರ ಮುಖ ಸಣ್ಣದಾಯಿತು. ‘ಹಂಗಾರ ನಮ್ಮದೂ ಔಡಲದ ಪಾತರಗಿತ್ತೀನ ಅನ್ರಿ’ ಎಂದರು. ಹಾಗೂ ಹೇಳುವಂತಿಲ್ಲ ಎಂದು ಅವರಿಗೆ ವಿವರಿಸಬೇಕಾಯಿತು. ಇಂದು ಇಲ್ಲಿ ಕ್ಯಾಸ್ಟರ್ ಹೆಚ್ಚಾಗಿರುವುದರಿಂದ ಹದಿನಾಲ್ಕನೆಯ ತಾರೀಖಿನ ಚಿತ್ರವೂ ಕ್ಯಾಸ್ಟರ್ ಆಗಿಬಿಡುವುದಿಲ್ಲ. ತುರಚಿ ಇರುವುದರಿಂದ ಅದು ಜೋಕರ್ ಆಗಿಬಿಡುವುದೂ ಇಲ್ಲ. ಎರಡರಲ್ಲೊಂದು, ಯಾವುದೆಂದು ತಿಳಿಯದು ಎಂದು ಬರೆದು ಉಪಕುಟುಂಬದ ಮಟ್ಟಕ್ಕೆ ನಿಲ್ಲಿಸುವುದೇ ಸರಿ. ಅವರಿಗೆ ಅದು ಸೋಲಿನ ಇನ್ನೊಂದು ಹೆಸರಿನಂತೆ ಕೇಳಿಸಿತು ಎಂದು ತೋರುತ್ತದೆ.

ಮಧ್ಯಾಹ್ನ ಬನಶಂಕರಿಯಲ್ಲಿ, ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತರುವ ಅಮ್ಮಂದಿರ ಬಳಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕುಡಿಕೆ ಮೊಸರು ತೆಗೆದುಕೊಂಡು ಹೊಂಡದ ದಂಡೆಯ ನೆರಳಿನಲ್ಲಿ ಕುಳಿತೆವು. ಹೊಲದಿಂದ ಬಿಡುವಾಗಿ ಬಂದ ಅಣ್ಣನೂ ಜೊತೆಗೂಡಿದ. ಅವನ ಫೋನ್ ಕೈಗೆ ಬಂದಿದ್ದರಿಂದ, ಏನೂ ನಿರೀಕ್ಷೆಯಿಲ್ಲದೆ ಆ ದಿನದ ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡುತ್ತಿದ್ದೆ. 8:10ರ ಚಿತ್ರದ ಮುಂದಿನದು 8:11ರದು. ಅರ್ಧಕ್ಕಿಂತ ಹೆಚ್ಚು ಜಾಗ ಹಸಿರು ಹುಲ್ಲಿನದೇ. ಅದರ ನಡುವೆ, ಹಾರಲು ಸಿದ್ಧವಾಗಿ ರೆಕ್ಕೆ ಮಡಚಿದ ಚಿಟ್ಟೆಯ ಹಿಂಭಾಗ ಒಂದಿಷ್ಟು ಕಾಣುತ್ತಿತ್ತು. ಒಂದಿಷ್ಟೇ, ಆದರೆ ಅಲ್ಲಾಡದೆ, ಸ್ಪಷ್ಟವಾಗಿ: ಕಿತ್ತಳೆ ನೆಲದ ಮೇಲೆ ಅಡ್ಡ ಹಾಯ್ದ ತಿಳಿ ಪಟ್ಟಿಗಳು, ಕಪ್ಪು ಚುಕ್ಕೆಗಳ ಒಂದು ಸಾಲು. ಕ್ಯಾಸ್ಟರ್‌ನ ಕೆಳಮೈ ಮಾಸಿದ ಕಂದು. ಅದಕ್ಕೆ ಈ ಪಟ್ಟಿಗಳಿಲ್ಲ, ಜೋಕರ್‌ಗೆ ಇವೆ.

‘ಇದನ್ನ ಯಾಕ ಕಳಿಸಲಿಲ್ಲವಾ?’ ಎಂದು ಕೇಳಿದೆ.

‘ಅದು ಚಂದ ಬಂದಿಲ್ಲಲ್ರೀ ಸರ್’ ಎಂದಳು ಹುಡುಗಿ. ‘ಚಲೋದ್ ಒಂದ ಕಳಸು ಅಂದಿದ್ರು.’

ಮಾಸ್ತರರು ನನ್ನತ್ತ ನೋಡಿದರು. ‘ಇದ್ದುದರಲ್ಲಿ ಚೆನ್ನಾಗಿರುವ ಒಂದು ಚಿತ್ರ ಕಳಿಸಿ’ ಎಂದು ಅವರಿಗೆ ಬರೆದವನು ನಾನೇ. ಆ ಮಾತು ಹಾಗೆಯೇ ಅವಳಿಗೆ ದಾಟಿತ್ತು. ಇನ್ನು ಮುಂದೆ ಯಾರನ್ನಾದರೂ ಕೇಳುವಾಗ ‘ತೆಗೆದದ್ದೆಲ್ಲವನ್ನೂ ಕಳಿಸಿ, ಕೆಟ್ಟು ಹೋದದ್ದನ್ನೂ ಅಳಿಸಬೇಡಿ’ ಎಂದು ಕೇಳಬೇಕೆಂದು ಅಲ್ಲಿಯೇ, ಮೊಸರಿನ ಕೈ ಒರೆಸಿಕೊಂಡು, ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ.

ಎರಡೂ ಚಿತ್ರಗಳನ್ನು ಮೂಲ ಗಾತ್ರದಲ್ಲಿಯೇ, ಜನರು ತಾವು ಕಂಡ ಜೀವಿಗಳ ಚಿತ್ರ ಹಾಕಿ ಹೆಸರು ಗುರುತಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸಿದೆವು. ಅಲ್ಲಿ ದಿನಾಂಕ, ಸ್ಥಳ, ಚಿತ್ರ ಇದ್ದರೂ, ಹೆಸರು ಹೇಳಿದವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪುವವರೆಗೆ ದಾಖಲೆಗೆ ಸಂಶೋಧನಾ ದರ್ಜೆ ಸಿಗುವುದಿಲ್ಲ. ಆದ್ದರಿಂದ ನನ್ನದು ಒಂದು ಅಭಿಪ್ರಾಯ ಮಾತ್ರ. ನೋಡಿದವರ ಜಾಗದಲ್ಲಿ ಯಾರ ಹೆಸರು ಎಂಬ ಪ್ರಶ್ನೆ ಬಂದಾಗ ಅಣ್ಣ, ಫೋನ್ ತನ್ನದಲ್ಲವೇ ಎಂದು ಸ್ವಲ್ಪ ವಾದ ಹೂಡಿದ. ಮಾಸ್ತರರು ಗದರಿಸಿದ ಮೇಲೆ ತಂಗಿಯ ಹೆಸರನ್ನು ತಾನೇ ಟೈಪು ಮಾಡಿದ.

ಸಂಜೆಯ ರೈಲಿನಲ್ಲಿ ಕುಳಿತು ನನ್ನ ಪ್ರಯಾಣದ ಪುಟವನ್ನು ಮುಗಿಸಿದೆ. ಎರಡು ದಿನ, ಗುಡ್ಡದ ಇಳಿಜಾರಿನಲ್ಲಿ ನಾಲ್ಕೂವರೆ ಗಂಟೆ, ಆಕಾಶ ನಿರ್ಮಲ, ತುರಚಿ ಬಳ್ಳಿ ಒಂದು ಕಡೆ, ಅದರ ಮೇಲೆ ಹೆಸರು ಹೇಳಲಾಗದ ಹುಳು ಎರಡು, ಕಾಮನ್ ಕ್ಯಾಸ್ಟರ್ ಒಂಬತ್ತು, ಪ್ಲೇನ್ ಟೈಗರ್ ಐದು, ಡಾನೈಡ್ ಎಗ್‌ಫ್ಲೈ ಹೆಣ್ಣು ಒಂದು. ಜೋಕರ್‌ನ ಸಾಲಿನಲ್ಲಿ ‘ನನಗೆ ಕಾಣಲಿಲ್ಲ’ ಎಂದು ಬರೆದು, ಕೈಯ ತುರಿಕೆ ಇನ್ನೂ ಇಳಿದಿರದಿದ್ದುದರಿಂದ ಅಕ್ಷರ ಸೊಟ್ಟಗಾದದ್ದನ್ನು ಹಾಗೆಯೇ ಬಿಟ್ಟೆ.