ಆಕ್ಸಲ್ ನಟ್ ಕಡೆಗೂ ಸ್ವಲ್ಪ ನೋಡಿ
ಸರ್ವೀಸ್ ಅಂದರೆ ಎಲ್ಲರಿಗೂ ಆಯಿಲ್, ಫಿಲ್ಟರ್ ಅಷ್ಟೇ ನೆನಪು. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಚಕ್ರ ತಿರುಗಿಸುವ ಡ್ರೈವ್ ಶಾಫ್ಟನ್ನು ಹಬ್‌ಗೆ (ಚಕ್ರ ಕೂರುವ ನಡುವಿನ ಭಾಗ) ಬಿಗಿದು ಹಿಡಿಯುವುದು ಆಕ್ಸಲ್ ನಟ್. ಅದು ಸಡಿಲವಾದರೆ ಬೇರಿಂಗ್ ಹೋಯಿತು ಅಂತಲೇ ಲೆಕ್ಕ. ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ 'ಟಕ್' ಅಂದರೆ ಅನುಮಾನ ಪಡಿ. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ (ಸಡಿಲ ಅಲುಗಾಟ) ಇದ್ದರೆ ಕೈಗೇ ಗೊತ್ತಾಗುತ್ತದೆ (ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಬಾಲ್ ಜಾಯಿಂಟ್ ಸವೆದಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿ). ಆದರೆ ಸುಮ್ನೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಬಿಗಿಯಬೇಡಿ. ಎಷ್ಟೋ ಕಾರುಗಳಲ್ಲಿ ನಟ್‌ನ ಅಂಚನ್ನು ಬಡಿದು ಶಾಫ್ಟಿನ ಕಚ್ಚಿನೊಳಗೆ ಕೂರಿಸಿರುತ್ತಾರೆ, ಅದನ್ನು ಬಿಚ್ಚಿದರೆ ಹೊಸ ನಟ್ಟೇ ಹಾಕಬೇಕು. ಸಣ್ಣ ಕಾರಿನ ವೀಲ್ ನಟ್‌ಗೆ 100 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್ (ತಿರುಚಿ ಬಿಗಿಯುವ ಬಲ) ಸಾಕು, ಆಕ್ಸಲ್ ನಟ್‌ಗೆ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ನಿಮ್ಮ ಮಾಡೆಲ್ಲಿನ ಸರ್ವೀಸ್ ಮ್ಯಾನ್ಯುಯಲ್ ನೋಡಿ ಆ ಬಲ ಅಳೆದು ಬಿಗಿಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ನಟ್ ಸಡಿಲವಿರುವಾಗ ಕಾರನ್ನು ಉರುಳಿಸಲೂ ಬೇಡಿ.