ಶನಿವಾರದ ಚೀಲದಿಂದ ಹಿಂದಕ್ಕೆ ಎಣಿಸಿ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಬರುವಾಗ ಒಂದು ಒಳರಸ್ತೆಯಲ್ಲಿ ನಮ್ಮ 30 ಗುಂಟೆ ತರಕಾರಿ ತೋಟ ಇದೆ. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮೈಸೂರಿನ 22 ಮನೆಯವರು ಬಿತ್ತನೆಗೆ ಮುಂಚೆಯೇ ದುಡ್ಡು ಕೊಟ್ಟುಬಿಡುತ್ತಾರೆ. ಜುಲೈಯಿಂದ ಡಿಸೆಂಬರ್‌ವರೆಗೆ 24 ವಾರ, ಪ್ರತಿ ಶನಿವಾರ ಮನೆಗೊಂದು ಬಟ್ಟೆ ಚೀಲ. ಆ ವಾರ ತೋಟದಲ್ಲಿ ಏನು ಬಂದಿದೆಯೋ ಅದು ಚೀಲದಲ್ಲಿ. ಬೀಜ, ಗೊಬ್ಬರ, ಕೂಲಿ ಎಲ್ಲಾ ಆ ಮುಂಗಡದಲ್ಲೇ ನಡೆಯುತ್ತದೆ. ಮಳೆ ಕೈಕೊಟ್ಟರೆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ ಅನ್ನುವುದು ಒಪ್ಪಂದ.

2022 ನಮ್ಮ ಮೊದಲ ವರ್ಷ. ಜೂನ್ ಮೊದಲ ವಾರ ಒಳ್ಳೆಯ ಹದ ಮಳೆ ಬಿತ್ತು. ಭೂಮಿ ಸಿದ್ಧವಿತ್ತು, ಬೀಜ ಕೈಯಲ್ಲಿತ್ತು. ಮೂರು ದಿನದಲ್ಲಿ ಎಲ್ಲಾ ಮಡಿಗಳಿಗೂ ಬಿತ್ತಿ ಮುಗಿಸಿದೆ. ಹುರಳಿಕಾಯಿ, ಮೂಲಂಗಿ, ಬೆಂಡೆ, ಸೊಪ್ಪು, ಎಲ್ಲವೂ. ಒಂದು ಮಡಿಯೂ ಖಾಲಿ ಇಲ್ಲ ಅಂತ ಖುಷಿಯಾಗಿತ್ತು.

ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯಕ್ಕ ಒಬ್ಬರಿದ್ದಾರೆ. ಅವರು ಅವತ್ತೇ ಕೇಳಿದ್ದರು: "ಒಂದೇ ದಿನ ಎಲ್ಲಾ ಬೇಯಿಸಿಟ್ರೆ ವಾರವೆಲ್ಲಾ ಉಣ್ಣಕ್ಕಾಯ್ತದಾ ಮಗ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜುಲೈ ಕೊನೆಗೆ ಎಲ್ಲಾ ಒಟ್ಟಿಗೆ ಬಂತು. ಒಂದು ಚೀಲಕ್ಕೆ ಎರಡೆರಡು ಕೆಜಿ ಹುರಳಿಕಾಯಿ, ಮೂರು ಕಟ್ಟು ಮೂಲಂಗಿ. ಮುಂದಿನ ಶನಿವಾರವೂ ಅದೇ. ಅದರ ಮುಂದಿನ ಶನಿವಾರ ಮತ್ತೆ ಅದೇ. ಕೀಳದೆ ಬಿಟ್ಟ ಮೂಲಂಗಿ ಬೆಂಡಾಯಿತು, ಬೆಂಡೆಕಾಯಿ ಬಲಿತು ನಾರಾಯಿತು. ಸೆಪ್ಟೆಂಬರ್ ಬರುವ ಹೊತ್ತಿಗೆ ಹುರಳಿಕಾಯಿ ಗಿಡ ಮುಗಿದಿತ್ತು. ಮತ್ತೆ ಬಿತ್ತಿದ್ದು ಬರಲು ಅಕ್ಟೋಬರ್ ಆಗಬೇಕು. ಒಂದು ಶನಿವಾರ ಚೀಲದಲ್ಲಿ ಇದ್ದದ್ದು ಎರಡು ಕಟ್ಟು ದಂಟಿನ ಸೊಪ್ಪು, ನಾಲ್ಕು ಬದನೆಕಾಯಿ, ಒಂದು ಹಿಡಿ ಮೆಣಸಿನಕಾಯಿ. ಅಷ್ಟೇ. ಚೀಲ ತೆಗೆದುಕೊಂಡ ಒಬ್ಬ ಅಮ್ಮ ಏನೂ ಹೇಳಲಿಲ್ಲ. ಕೈಯಲ್ಲೇ ಒಮ್ಮೆ ತೂಕ ನೋಡಿ, "ಬರ್ತೀನಪ್ಪ" ಅಂದು ಹೊರಟರು. ಆ ತೂಕ ನೋಡಿದ ಕೈ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಆ ಸಲ ಮಳೆಯದೇನೂ ತಪ್ಪಿರಲಿಲ್ಲ. ನಾನೇ ಕೆಲಸ ಕೆಡಿಸಿದ್ದೆ.

ಮಂಡಿಗೆ ಬೆಳೆಯುವವರಿಗೆ ಎಲ್ಲಾ ಒಟ್ಟಿಗೆ ಬಂದರೆ ಅನುಕೂಲವೇ, ಒಂದು ಗಾಡಿ ಲೋಡು ಆಗುತ್ತದೆ. ನಮಗೆ ಹಾಗಲ್ಲ. ನಾವು ಬೆಳೆಯುವುದು 24 ಶನಿವಾರಕ್ಕೆ.

ಈಗ ನಾನು ಲೆಕ್ಕವನ್ನು ಚೀಲದಿಂದ ಶುರು ಮಾಡುತ್ತೇನೆ. ಏಪ್ರಿಲ್‌ನಲ್ಲಿ ಶೆಡ್ಡಿನ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ 24 ಚೌಕ ಹಾಕುತ್ತೇನೆ, ವಾರಕ್ಕೊಂದು. ಒಂದೊಂದರಲ್ಲೂ ಆ ವಾರ ಏನಿರಬೇಕು ಅಂತ ಬರೆಯುತ್ತೇನೆ: ಎರಡು ಥರ ಸೊಪ್ಪು, ಒಂದು ಗೆಡ್ಡೆ, ಎರಡು ಕಾಯಿ, ಟೊಮೆಟೊ, ಒಗ್ಗರಣೆಗೆ ಕೊತ್ತಂಬರಿಯೋ ಮೆಣಸಿನಕಾಯಿಯೋ. ಆಮೇಲೆ ಹಿಂದಕ್ಕೆ ಎಣಿಸುವುದು. ಮೆಂತ್ಯಕ್ಕೆ 25ರಿಂದ 30 ದಿನ. ಮೂಲಂಗಿಗೆ 40ರಿಂದ 45. ಹುರಳಿಕಾಯಿ ಮೊದಲ ಕೊಯ್ಲಿಗೆ 45ರಿಂದ 50 ದಿನ ಬೇಕು, ಆಮೇಲೆ ಎರಡು ಮೂರು ವಾರ ಕೊಡುತ್ತದೆ. ಹಾಗಾಗಿ ಹುರಳಿಕಾಯಿಯನ್ನು 15 ದಿನಕ್ಕೊಮ್ಮೆ ಒಂದೊಂದು ಮಡಿ, ಮೂಲಂಗಿ ಮತ್ತು ಸೊಪ್ಪನ್ನು ವಾರಕ್ಕೊಮ್ಮೆ ಅರ್ಧರ್ಧ ಮಡಿ ಬಿತ್ತುತ್ತೇವೆ. ಬದನೆ, ಮೆಣಸಿನಕಾಯಿ ತಿಂಗಳುಗಟ್ಟಲೆ ಕಾಯಿ ಬಿಡುವ ಗಿಡಗಳು, ಅವಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇದರಲ್ಲಿ ಕಷ್ಟವಾದದ್ದು ಒಂದೇ. ಜೂನ್‌ನಲ್ಲಿ ಹದ ಮಳೆ ಬಿದ್ದು ಅಕ್ಕಪಕ್ಕದ ಹೊಲದವರೆಲ್ಲಾ ಬಿತ್ತುತ್ತಿರುವಾಗ ನಮ್ಮ ಅರ್ಧ ಮಡಿಗಳನ್ನು ಖಾಲಿ ಬಿಡುವುದು. ಮನಸ್ಸು ಒಪ್ಪುವುದೇ ಇಲ್ಲ. ಮೊದಮೊದಲು ಆ ಮಡಿಗಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಈಗ ಅವಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ಒಣ ಹುಲ್ಲು ಮುಚ್ಚಿ ಬಿಡುತ್ತೇವೆ. ಸರದಿ ಬಂದಾಗ ಹುಲ್ಲು ಸರಿಸಿದರೆ ಕೆಳಗೆ ಮಣ್ಣು ತಣ್ಣಗೆ, ಮೆತ್ತಗೆ ಇರುತ್ತದೆ. ಎರೆಹುಳ ಕಾಣಿಸುತ್ತವೆ. ಕಳೆಯೂ ಕಡಿಮೆ.

ಲೆಕ್ಕಕ್ಕೆ ಸಿಗದ್ದೂ ಇರುತ್ತದೆ ಅಲ್ವಾ. 2023ರ ಜುಲೈನಲ್ಲಿ ಅಂಗಡಿಯಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ನಮ್ಮ ಚೀಲದಲ್ಲಿ ಎಂದಿನಂತೆ ಒಂದು ಕೆಜಿ ಹೋಯಿತು, ಅದೇ ಮುಂಗಡದ ದುಡ್ಡಿಗೆ. ಮರುವರ್ಷ ಜಿಟಿಜಿಟಿ ಮಳೆ ಬಿಡಲೇ ಇಲ್ಲ, ಅದೇ ಟೊಮೆಟೊಗೆ ಅಂಗಮಾರಿ ರೋಗ ಬಂತು. ಕೆಳಗಿನ ಎಲೆ ಚಿವುಟಿದೆವು, ಕೋಲು ಕೊಟ್ಟು ಎತ್ತಿ ಕಟ್ಟಿದೆವು. ಒಂದು ಸಾಲಷ್ಟೇ ಉಳಿಯಿತು. ಈ ಸಲ ನಾನು ಶನಿವಾರದವರೆಗೆ ಕಾಯಲಿಲ್ಲ. ಬುಧವಾರವೇ ಕಪ್ಪಾದ ಎಲೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, "ಇನ್ನು ಐದಾರು ವಾರ ಟೊಮೆಟೊ ಇರುವುದಿಲ್ಲ, ಹುಳಿಗೆ ಬೇರೆ ನೋಡಿಕೊಳ್ಳಿ" ಅಂತ ಬರೆದೆ. ಒಬ್ಬರು ಉಳಿದ ವಾರಗಳ ದುಡ್ಡು ವಾಪಸ್ ಕೇಳಿದರು, ಕೊಟ್ಟೆವು. ಉಳಿದವರು ಹುಣಸೆಹಣ್ಣಿನ ಸಾರು, ನಿಂಬೆಹಣ್ಣಿನ ಸಾರು ಅಂತ ಗುಂಪಿನಲ್ಲಿ ಬರೆಯತೊಡಗಿದರು.

ಆ ಭಾನುವಾರ ಮೂರು ಮನೆಯವರು ಮಕ್ಕಳನ್ನು ಕರೆದುಕೊಂಡು ತೋಟಕ್ಕೆ ಬಂದರು. ಅವತ್ತು ತೂಕ ನೋಡಿದ್ದ ಅಮ್ಮನೂ ಇದ್ದರು. ರೋಗ ಬಂದ ಗಿಡಗಳನ್ನು ಕಿತ್ತು ಹೊರಗೆ ಹಾಕಲು ನಮಗೆ ಕೈ ಜೋಡಿಸಿದರು. ಮಡಿ ಖಾಲಿಯಾದ ಮೇಲೆ ಹಿರಿಯಕ್ಕ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮೆಂತ್ಯ ಬಿಚ್ಚಿ ಆ ಅಮ್ಮನ ಕೈಗೆ ಒಂದು ಹಿಡಿ ಕೊಟ್ಟರು. "ಅರ್ಧ ಮಡಿಗೆ ಮಾತ್ರ ಕಣವ್ವ," ಅಂದರು, "ಇನ್ನರ್ಧ ಬರೋ ವಾರಕ್ಕೆ."