ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕಬಹುದಾದವರು

ಪಿಎಚ್‌.ಡಿ. ಮಹಾಪ್ರಬಂಧಗಳ ಕರಡು ತಿದ್ದುವ ಕೆಲಸ ನನಗಿದೆ ಎಂದು ತಿಳಿದವರು ಬಹುಮಟ್ಟಿಗೆ ಕೇಳುವುದು ಒಂದನ್ನೇ: ನಂಬಿಕಸ್ಥ ಬರಹಗಾರರು ಯಾರಾದರೂ ಇದ್ದರೆ ತಿಳಿಸಿ ಎಂದು. ಹೀಗೆ ಕೇಳುವವರಲ್ಲಿ ಕೆಲವರಿಗೆ ತಾವು ಬರೆದದ್ದನ್ನು ತಿದ್ದಲು, ಅನುವಾದಿಸಲು, ಟೈಪು ಮಾಡಲು ಜನ ಬೇಕು. ಇನ್ನು ಕೆಲವರಿಗೆ ಅಧ್ಯಾಯವನ್ನೇ ಬರೆದುಕೊಡುವವರು ಬೇಕು. ಎರಡನೆಯವರಿಗೆ ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ನೀತಿಯ ಮಾತು ಹಾಗಿರಲಿ, ಆ ವ್ಯವಹಾರದಲ್ಲಿ ನಂಬಿಕೆಗೆ ಆಧಾರವೇ ಇಲ್ಲ. ಮುಂಗಡ ಪಡೆದು ಫೋನ್ ಎತ್ತದವನ ಮೇಲೆ ದೂರು ಕೊಡಬೇಕಾದರೆ, ಏತಕ್ಕಾಗಿ ಹಣ ಕೊಟ್ಟೆವೆಂಬುದನ್ನು ಮೊದಲು ಹೇಳಬೇಕಾಗುತ್ತದೆ. ವಂಚಕನ ಬಂಡವಾಳ ಆ ಮುಜುಗರವೇ. ಪ್ರಬಂಧ ಸಲ್ಲಿಸಿದ ಮೇಲೂ ವಾಟ್ಸ್‌ಆ್ಯಪ್ ಸಂದೇಶಗಳು ಅವನಲ್ಲೇ ಉಳಿದಿರುವುದರಿಂದ, ವಿಶ್ವವಿದ್ಯಾಲಯಕ್ಕೆ ತಿಳಿಸುವೆನೆಂದು ಹೆದರಿಸಿ ಮತ್ತೆ ಹಣ ಕೀಳುವುದೂ ಅವನಿಗೆ ಸುಲಭ. ಹಣಕ್ಕಾಗಿ ವಿದ್ಯಾರ್ಥಿಗಳ ಪ್ರಬಂಧ ಬರೆದುಕೊಡುವ ದಂಧೆಯನ್ನು ಆಸ್ಟ್ರೇಲಿಯಾ 2020ರಲ್ಲಿಯೂ ಇಂಗ್ಲೆಂಡ್ 2022ರಲ್ಲಿಯೂ ಕಾನೂನಿನ ಮೂಲಕ ಅಪರಾಧವೆಂದು ಸಾರಿದವು.

ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ, ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಸಾಮ್ಯತೆ ಶೇ. 10ನ್ನು ಮೀರಿ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮರುಸಲ್ಲಿಸಬೇಕು, ಶೇ. 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಬಾಡಿಗೆಯ ಬರಹಗಾರ ಪಿಎಚ್‌.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿರುವ ಹಳೆಯ ಪ್ರಬಂಧದಿಂದ ಎತ್ತಿಕೊಟ್ಟರೂ ಶಿಕ್ಷೆ ಅನುಭವಿಸುವವರು ಸಂಶೋಧನಾರ್ಥಿಯೇ.

ಪ್ರಾಮಾಣಿಕ ನೆರವು ಬೇಕಾದವರಿಗೆ ನಾನು ಸೂಚಿಸುವ ಒರೆಗಲ್ಲು ಇದು: ಆ ವ್ಯಕ್ತಿಯ ಹೆಸರನ್ನು, ಮಾಡಿದ ಕೆಲಸದ ವಿವರದೊಂದಿಗೆ, ಕೃತಜ್ಞತೆಯ ಪುಟದಲ್ಲಿ ಮುದ್ರಿಸಲು ಮತ್ತು ಮಾರ್ಗದರ್ಶಕರಿಗೆ ತಿಳಿಸಲು ಸಂಕೋಚವಾಗದಿದ್ದರೆ ಮುಂದುವರಿಯಬಹುದು. ಪೂರ್ತಿ ಪ್ರಬಂಧ ಒಪ್ಪಿಸುವ ಮೊದಲು ಎರಡು ಪುಟಗಳನ್ನು ಕೊಟ್ಟು ನೋಡಬೇಕು. ಅವು ಸಲೀಸಾದ ಪುಟಗಳಾಗಿರದೆ ಹಳಗನ್ನಡ ಪದ್ಯವೋ ಶಾಸನದ ಪಾಠವೋ ಇರುವ ಪುಟಗಳಾಗಿರಲಿ. ಸಂದೇಹ ಬಂದಲ್ಲಿ ಅಂಚಿನಲ್ಲಿ ಪ್ರಶ್ನೆ ಬರೆದು ಮರಳಿಸುವವರು ಒಳ್ಳೆಯ ತಿದ್ದುಗಾರರು. ಒಂದೂ ಪ್ರಶ್ನೆ ಕೇಳದೆ ಎಲ್ಲವನ್ನೂ ನಯಗೊಳಿಸಿ ಕೊಟ್ಟವರ ಬಗ್ಗೆ, ಅದರಲ್ಲಿಯೂ ಈಗಿನ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ, ನನಗೆ ಅನುಮಾನವೇ ಹೆಚ್ಚು. ಪುಟಕ್ಕೆ ಇಷ್ಟೆಂಬ ದರ ಬರವಣಿಗೆಯಲ್ಲಿರಲಿ, ಹಣವನ್ನು ಅಧ್ಯಾಯ ಕೈಸೇರಿದಂತೆ ಕಂತಿನಲ್ಲಿ ಕೊಡಿ.

ಕನ್ನಡ ಪ್ರಬಂಧಗಳಿಗೆ ಅಂಟಿಕೊಂಡ ಒಂದು ಮೋಸವೂ ಇದೆ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡುವವರಿದ್ದಾರೆ. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಕಡತ ಕಂಪ್ಯೂಟರಿನ ಪಾಲಿಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಹಾಗೆಯೇ ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೆ ಹಾಕಿದರೆ ಸಾಮ್ಯತೆ ಕಾಣದಿರುವುದು ಸಹಜ; ಆ ಸೊನ್ನೆಯನ್ನು ತೋರಿಸಿ ಶುದ್ಧತೆಯ ಖಾತರಿಯೆಂದು ಹಣ ಕೇಳಿದರೆ ಕೊಡಬೇಡಿ. ಆ ಕಡತವನ್ನು ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯುನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟಾದ್ದರಿಂದ, ಪರಿವರ್ತನೆಯ ಬಳಿಕ ಮತ್ತೊಮ್ಮೆ ಕರಡು ನೋಡುವವರು ಯಾರೆಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಸಂಶೋಧನಾ ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸಿಕೊಡುವೆವೆನ್ನುವವರ ಕಥೆ ಇದಕ್ಕಿಂತ ಭಿನ್ನವಲ್ಲ. ಯುಜಿಸಿ 2018ರ ಮೇ ತಿಂಗಳಲ್ಲಿ ತಾನು ಒಪ್ಪಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ಕೈಬಿಟ್ಟಿತು. ಅನಂತರ ಬಂದ ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿತು. ಆದ್ದರಿಂದ ‘ಕೇರ್ ಪಟ್ಟಿಯಲ್ಲಿದ್ದೇವೆ, ಮೂರು ದಿನದಲ್ಲಿ ಪ್ರಕಟಣೆ’ ಎಂದು ಇಂದು ಹೇಳಿಕೊಳ್ಳುವವರಿಗೆ ಉತ್ತರಿಸುವ ಅಗತ್ಯವೇ ಇಲ್ಲ. ಐಎಸ್‌ಎಸ್‌ಎನ್ ನಿಯತಕಾಲಿಕಕ್ಕೆ ಕೊಡುವ ಕೇವಲ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಪ್ರಸಿದ್ಧ ಪತ್ರಿಕೆಯ ಹೆಸರಿನಲ್ಲೇ ನಕಲಿ ಜಾಲತಾಣ ತೆರೆಯುವವರೂ ಇರುವುದರಿಂದ, ಸಂಪಾದಕ ಮಂಡಳಿಯ ಒಬ್ಬರಿಗಾದರೂ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ನೇರವಾಗಿ ಮಿಂಚಂಚೆ ಬರೆದು ಖಚಿತಪಡಿಸಿಕೊಳ್ಳುವುದು ಮೇಲು.

ಇಷ್ಟಾಗಿಯೂ ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ತಡೆಹಿಡಿಯುವುದು ಕಷ್ಟವಾಗುತ್ತದೆ. ಪಾವತಿಯ ಸಮಯ, ವಹಿವಾಟಿನ ಸಂಖ್ಯೆ ಮತ್ತು ಆತ ಕಳುಹಿಸಿದ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿರಿ.